ಶಹಾಪುರದಲ್ಲಿ ಹೆಚ್ಚಾದ ಫೋನುಗಳು

ಬೆಳಕು ಹರಿಯುವ ಹೊತ್ತಿಗೆ ಶಹಾಪುರದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಒಂದೇ ಒಂದು ಶಟರ್ ಮೇಲೇಳುತ್ತದೆ, ಅದೂ ಅರ್ಧ. ಪೂರಾ ಎತ್ತಿದರೆ ಬಸ್ ತಪ್ಪಿಸಿಕೊಂಡವರೆಲ್ಲ ಒಳಗೆ ನುಗ್ಗಿ ಫೋನು ಚಾರ್ಜಿಗೆ ಹಾಕುತ್ತಾರೆ ಎಂಬುದು ಮಲ್ಲಿಕಮ್ಮನವರ ಅನುಭವ. ಬಗ್ಗಿ ಒಳಗೆ ಹೋಗುತ್ತಾರೆ, ಕಸ ಹೊಡೆಯುತ್ತಾರೆ, ಬಾಗಿಲಿಗೆ ನೀರು ಹಾಕುತ್ತಾರೆ, ಆಮೇಲೆ ಗಾಜಿನ ಕಪಾಟಿನೊಳಗಿನ ಫೋನುಗಳನ್ನು ಒಂದೊಂದಾಗಿ ತೆಗೆದು ಒರೆಸುತ್ತಾರೆ. ಅವು ಖರೇ ಫೋನುಗಳಲ್ಲ, ಗಿರಾಕಿಗೆ ತೋರಿಸಲು ಇಟ್ಟ ಪೊಳ್ಳು ಪ್ಲಾಸ್ಟಿಕ್ಕು. “ಬರೇ ಡಬ್ಬಿ ನೋಡ್ರಿ ಇವು. ಆದ್ರೂ ಊರಾಗಿನ ಧೂಳಾ ಎಲ್ಲಾ ಇವುಗಳ ಮ್ಯಾಲೇ ಬಂದು ಕುಂದರ್ತದ” ಎಂದು ಗೊಣಗುತ್ತಾರೆ.

ಅಷ್ಟರಲ್ಲಿ ಅಂಗಡಿಯ ಫೋನು ಬಡಿದುಕೊಳ್ಳುತ್ತದೆ. ಕಲಬುರಗಿಯ ಸಗಟು ಕಚೇರಿಯ ಮೇಡಂ ದಿನವೂ ಇದೇ ಹೊತ್ತಿಗೆ ಕರೆ ಮಾಡಿ ಯಾವ ಮಾಡೆಲ್ ಎಷ್ಟಿದೆ ಎಂದು ವಿಚಾರಿಸುತ್ತಾರೆ. ಮಾಲೀಕ ಅಲ್ತಾಫ್ ಆ ವೇಳೆಗೆ ಇನ್ನೂ ಹಾಸಿಗೆಯಲ್ಲಿ ಹೊರಳುತ್ತಿರುತ್ತಾನೆ. ಹಾಗಾಗಿ ಉತ್ತರ ಮಲ್ಲಿಕಮ್ಮನವರದೇ.

“ಒಂಬತ್ತು ಎಸ್ ಫೋನು ಎಷ್ಟಿದೆ?”

“ಹೆಚ್ಚಾಗ್ಯಾವ್ರಿ ಮೇಡಂ.”

“ಹೌದಾ? ಸರಿ ಸರಿ.” ಫೋನು ಕಟ್. ಮಲ್ಲಿಕಮ್ಮ ಊದಿನಕಡ್ಡಿ ಹಚ್ಚುತ್ತಾರೆ.

ಶಿರವಾಳದ ಈ ಹೆಣ್ಣುಮಗಳು ಇಲ್ಲಿಗೆ ಕೆಲಸಕ್ಕೆ ಬಂದಾಗ ಇದು ಮೊಬೈಲ್ ಅಂಗಡಿಯೇ ಅಲ್ಲ, ಬಳೆ ಅಂಗಡಿ. ಅಲ್ತಾಫನ ತಂದೆ ನಬಿಸಾಬರು ಗದ್ದುಗೆಯ ಮೇಲೆ ಕೂತು ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸುತ್ತಿದ್ದ ಕಾಲ. ಅವರ ಕಟ್ಟುನಿಟ್ಟು ಒಂದೇ: ಬಳೆ ಒಡೆಯಿತು ಎನ್ನಕೂಡದು, ಬೋಣಿ ಆಗುವ ಮೊದಲು ಬಾಯಲ್ಲಿ ‘ಇಲ್ಲ’ ಬರಕೂಡದು. ಒಡೆದರೂ ಹೆಚ್ಚಾಯಿತು, ತೀರಿದರೂ ಹೆಚ್ಚಾಯಿತು. ಮನೆಯಲ್ಲಿ ಕುಂಕುಮ ಖಾಲಿಯಾದರೆ, ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಹೆಣ್ಣುಮಕ್ಕಳು ಅನ್ನುವುದೂ ಹಾಗೇ ಅಲ್ಲವೇ? ಬಳೆ ಹೋಗಿ ಮೊಬೈಲ್ ಬಂತು, ನಬಿಸಾಬರೂ ಹೋದರು, ಮಾತು ಮಾತ್ರ ಮಲ್ಲಿಕಮ್ಮನವರ ನಾಲಿಗೆಯ ಮೇಲೆ ಉಳಿಯಿತು. “ಮುಂಜಾನೆ ಮುಂಜಾನೆ ಹೊಸ್ತಿಲದಾಗ ನಿಂತು ಅಂಥ ಮಾತ ಹೆಂಗ ಆಡಬೇಕ್ರಿ? ಲಕ್ಷ್ಮಿ ಬರಾಕತ್ತಾಕಿ ಹೊಳ್ಳಿ ಹೋಗ್ತಾಳ” ಎನ್ನುತ್ತಾರೆ.

ಕಸ ಗುಡಿಸುವುದಷ್ಟೇ ಇವರ ಕೆಲಸ ಅಂದುಕೊಂಡರೆ ತಪ್ಪು. ಮಾಲು ಅದಲುಬದಲು ಮಾಡಿಕೊಳ್ಳುವ ಮೂರು ಊರಿನ ಅಂಗಡಿಗಳ ನಡುವೆ ಫೋನು ಹೊತ್ತು ತಿರುಗುವವರೂ ಇವರೇ. ಶಹಾಪುರದ ಗಿರಾಕಿ ಕೇಳಿದ ಬಣ್ಣ ಸುರಪುರದಲ್ಲಿರುತ್ತದೆ, ಸುರಪುರದವರು ಕೇಳಿದ್ದು ಯಾದಗಿರಿಯಲ್ಲಿ. ಗಂಡ ಕುರಿ ಹೊಡೆದುಕೊಂಡು ಅಡವಿಗೆ ಹೋದರೆ ಹೆಂಡತಿ ರೊಟ್ಟಿಗಂಟಿನ ಕೆಳಗೆ ಫೋನಿನ ಡಬ್ಬಿ ಇಟ್ಟುಕೊಂಡು ಬಸ್ಸು ಹತ್ತುತ್ತಾರೆ. ಕಾಲು ಊದುತ್ತವೆ, ಕಿಟಕಿಯ ಸೀಟು ಎಂದೂ ಸಿಗುವುದಿಲ್ಲ. ಚೀಲದಲ್ಲಿ ಏನಿದೆ ಎಂದು ಪಕ್ಕದವರಿಗೆ ಇದುವರೆಗೂ ಸಂಶಯ ಬಂದಿಲ್ಲ, ರೊಟ್ಟಿಯ ಮೇಲಿನ ಕೆಂಪು ಮೆಣಸಿನಕಾಯಿ ಹಿಂಡಿಯ ವಾಸನೆ ಎಲ್ಲವನ್ನೂ ಕಾಪಾಡುತ್ತದೆ.

ಇಂಥ ಮಲ್ಲಿಕಮ್ಮನವರ ತಲೆ ಕೆಡಿಸಿರುವುದು ವೆಲೋರಾ ಒಂಬತ್ತು ಎಸ್ ಎಂಬ ಫೋನು. ಎಸ್ ಇಲ್ಲದ ಒಂಬತ್ತು ಎಲ್ಲ ಅಂಗಡಿಯಲ್ಲೂ ಬಿದ್ದಿದೆ, ಕೇಳುವವರಿಲ್ಲ. ಎಸ್ ಇದ್ದದ್ದು ಮಾತ್ರ ಜಾಹೀರಾತಿನಲ್ಲಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಸಿಗದಿದ್ದರೆ ಬೇರೊಂದು ಕೊಳ್ಳಲಿ ಎನ್ನಬಹುದು. ಆದರೆ ಹತ್ತಿರದ ಹಳ್ಳಿ ಗೋಗಿಯ ರೇಣಮ್ಮನವರಿಗೆ ಹಾಗೆ ಹೇಳುವಂತಿಲ್ಲ.

ಕೂಲಿ ಮಾಡುವ ರೇಣಮ್ಮನವರ ಮಗಳು ಭಾಗ್ಯ ಐದನೆಯ ತರಗತಿಯ ಹುಡುಗಿ. ಎರಡು ವರ್ಷದ ಕೆಳಗೆ ಜ್ವರ ಬಂದುಹೋದ ಮೇಲೆ ಕಿವಿ ಮಂದವಾಯಿತು. ದಾನಿಗಳು ಯಾರೋ ಕಿವಿಗೆ ಮಷೀನು ಕೊಡಿಸಿದ್ದಾರೆ, ಫೋನಿಗೂ ದುಡ್ಡು ಕೊಡುತ್ತೇವೆ ಎಂದಿದ್ದಾರೆ. ಮಷೀನಿನ ಸದ್ದನ್ನು ಆ ಮಗುವಿನ ಕಿವಿಗೆ ತಕ್ಕಂತೆ ಹೊಂದಿಸಬೇಕಾದರೆ ಕಿವಿ ಕೇಂದ್ರದವರು ದೂರದಿಂದಲೇ ಫೋನಿನ ಮೂಲಕ ತಿರುವಬೇಕು. ಅಗ್ಗದ ಫೋನುಗಳಲ್ಲಿ ಆ ಮಷೀನು ಮಾತು ಕೇಳುವುದು ಇದೊಂದರದೇ. ಹೊಂದಿಸದೆ ಹಾಕಿಕೊಂಡರೆ ಕಿವಿಯಲ್ಲಿ ಕುಂಯ್ ಎಂಬ ಕೂಗು ಬಿಟ್ಟು ಬೇರೇನೂ ಕೇಳದು. ಹುಡುಗಿ ಕಿತ್ತು ಬಿಸಾಡಿದ್ದಾಳೆ.

“ಸಾಲಿಗೆ ಹೋಗಂಗಿಲ್ಲ ಅಂತ ಕುಂತಾಳ್ರಿ ಅಕ್ಕಾರ. ಸರ್ ಏನ್ ಹೇಳ್ತಾರ ಕೇಳಸಂಗಿಲ್ಲ, ಹುಡುಗ್ರು ನಗ್ತಾರ. ದಿನಾ ಹೋದಂಗ ಕಿವಿ ಕೇಳೂದ ಮರೀತದ ಅಂತಾರ ಡಾಕ್ಟರು. ಮಷೀನ ಮನ್ಯಾಗ ಡಬ್ಬಿಯೊಳಗ ಅದ, ಹುಡುಗಿ ಮೂಲ್ಯಾಗ ಅದಾಳ. ನಾ ಏನ್ ಮಾಡ್ಲಿ?” ಎಂದು ರೇಣಮ್ಮ ಅಂಗಡಿಯಲ್ಲೇ ಕಣ್ಣೀರು ಹಾಕುತ್ತಾರೆ.

“ಅಳಬ್ಯಾಡವ್ವ. ಮೂರು ಊರು ತಿರಗೂ ಹೆಂಗಸು ನಾ, ಒಂದು ಫೋನು ತರೂದು ದೊಡ್ಡದೇನು?” ಎಂದುಬಿಡುತ್ತಾರೆ ಮಲ್ಲಿಕಮ್ಮ. ಮಾತು ಆಡಿದ ಮೇಲೆ ಗೊತ್ತಾಗುತ್ತದೆ ಎಷ್ಟು ದೊಡ್ಡದು ಎಂದು.

ಯಾದಗಿರಿಯ ಸಿಮ್ ಕಂಪನಿಯ ಕೌಂಟರಿನಲ್ಲಿ, ಈ ಫೋನನ್ನು ನಾವೇ ಪ್ಲಾನಿನ ಜೊತೆ ಕೊಡುತ್ತೇವೆ ಎನ್ನುತ್ತಾರೆ. ಮಲ್ಲಿಕಮ್ಮನವರ ಮುಖ ಅರಳುತ್ತದೆ. ಆದರೆ ದೊಡ್ಡ ಊರುಗಳಿಗೆ ಮಾತ್ರ ಎನ್ನುತ್ತಾರೆ. ಜಿಲ್ಲಾ ಕೇಂದ್ರವೇ ಸಣ್ಣ ಊರಾದರೆ ದೊಡ್ಡದು ಯಾವುದು ಎಂದು ಕೇಳಿದರೆ ಕೌಂಟರಿನ ಹುಡುಗಿ ಪಾಪ ತಾನೂ ತಲೆ ಕೆರೆದುಕೊಳ್ಳುತ್ತಾಳೆ. ಆನ್‌ಲೈನಿನಲ್ಲಿ ನೋಡಿದರೆ ಗೋಗಿಯ ಪಿನ್‌ಕೋಡಿಗೆ ಬರುವುದಿಲ್ಲ, ‘ನಿಮ್ಮ ಹತ್ತಿರದ ಅಂಗಡಿಯಲ್ಲಿ ಲಭ್ಯ’ ಎಂದು ತೋರಿಸುತ್ತದೆ. ಹತ್ತಿರದ ಅಂಗಡಿ ಯಾವುದು ಎಂದು ಒತ್ತಿದರೆ ಶಹಾಪುರ, ಬಸ್ ನಿಲ್ದಾಣದ ಎದುರು, ಅಲ್ತಾಫನ ಅಂಗಡಿ!

ಸುರಪುರದ ಅಂಗಡಿಯ ಶರಣಕುಮಾರ ಅಂತೂ ನಕ್ಕೇಬಿಡುತ್ತಾನೆ. “ಏನಕ್ಕಾ, ಚ್ಯಾಷ್ಟಿ ಮಾಡಾಕತ್ತೀಯೇನು? ನಮಗ ಬಂದಿದ್ದು ಎರಡೇ, ಬಂದ ದಿನಾನೇ ಹೋದ್ವು. ನಿಮ್ಮ ಶಹಾಪುರದಾಗ ರಗಡ ಅದಾವಂತ ಕಂಪ್ಯೂಟರ್‌ದಾಗ ತೋರಸ್ತದ. ನಾನೇ ನಿನ್ನ ಕಡೆ ಕೇಳಬೇಕಂತ ಮಾಡಿದ್ದೆ.” ಪರದೆಯನ್ನು ತಿರುಗಿಸಿ ತೋರಿಸುತ್ತಾನೆ. ಮಲ್ಲಿಕಮ್ಮನವರಿಗೆ ಓದಲು ಬರುತ್ತದೆ. ಶಹಾಪುರ ಎಂದೇ ಇದೆ, ಮುಂದೆ ಹಸಿರು ಗುರುತೂ ಇದೆ. ತಮ್ಮ ಅಂಗಡಿಯ ಫೋನು ಹುಡುಕಿಕೊಂಡು ಸುರಪುರಕ್ಕೆ ಬಂದ ತಮಗೆ ಹುಚ್ಚು ಹಿಡಿದಿದೆಯೋ ಆ ಕಂಪ್ಯೂಟರಿಗೋ ತಿಳಿಯದೆ ಬಸ್ಸು ಹತ್ತುತ್ತಾರೆ.

ದಾರಿಯುದ್ದಕ್ಕೂ ಒಂದು ಕೆಟ್ಟ ಸಂಶಯ. ಅಲ್ತಾಫ್ ಒಳಗೊಳಗೇ ಇಟ್ಟುಕೊಂಡು ಹೆಚ್ಚಿನ ರೇಟಿಗೆ ಕೊಡುತ್ತಿರಬಹುದೇ? ಎತ್ತಿ ಆಡಿಸಿದ ಹುಡುಗ ಅವನು, ಅಂಥವನಲ್ಲ. ಆದರೂ ಅಂಗಡಿಗೆ ಬಂದವರೇ ಅಟ್ಟದ ಮೇಲಿನ ಖಾಲಿ ಡಬ್ಬಿಗಳನ್ನೆಲ್ಲ ಕೆಡವಿ ಹುಡುಕುತ್ತಾರೆ. ಅಲ್ತಾಫ್ ಕೆಳಗೆ ನಿಂತು ಬೆರಗಾಗಿ ನೋಡುತ್ತಾನೆ. “ಅಕ್ಕಾ, ಕಂಪನಿಯವ್ರು ನಂಗೂ ಅದನ್ನೇ ಹೇಳಾಕತ್ತಾರ. ನಿಮ್ಮಲ್ಲಿ ಮಾಲ್ ಅದ, ಮೊದ್ಲ ಅದನ್ನ ಮಾರ್ರಿ ಅಂತಾರ. ಎಲ್ಲಿ ಅದ? ಹೊತ್ಕೊಂಡು ತಿರಗಾಕಿ ನೀ, ನೀನ ಹೇಳಬೇಕು.” ಅವನು ಆಡಿದ್ದು ಸಹಜವಾಗಿಯೇ. ಆದರೆ ‘ನೀನ ಹೇಳಬೇಕು’ ಎಂಬ ಮಾತು ಮಲ್ಲಿಕಮ್ಮನವರ ಎದೆಗೆ ನಾಟುತ್ತದೆ. ಅಂದು ಸಂಜೆ ರೊಟ್ಟಿ ಸೇರುವುದಿಲ್ಲ.

ಮರುದಿನ ಮುಂಜಾನೆ ಕಲಬುರಗಿಯ ಫೋನು ಬಂದಾಗ ಮಲ್ಲಿಕಮ್ಮ ಹೇಳುವುದನ್ನು ಬಿಟ್ಟು ಕೇಳಲು ಶುರು ಮಾಡುತ್ತಾರೆ. “ಮೇಡಂ, ಆ ಎಸ್ ಫೋನು ನಮಗ್ಯಾಕ ಕಳಸವಲ್ರಿ? ಒಂದು ಕೂಸಿಂದು ಕಿವಿ ಹೊಂಟದ್ರಿ.”

“ಎಂತ ಅಮ್ಮ ನೀವು? ದಿನಾ ನೀವೇ ಅಲ್ವಾ ಹೆಚ್ಚಾಗಿದೆ ಅಂತ ಹೇಳುವುದು?”

“ಹೌದ್ರಿ, ಹೆಚ್ಚಾಗ್ಯಾವ. ಅದಕ್ಕ ಕಳಸ್ರಿ ಅನ್ನಾಕತ್ತೀನಿ.”

“ಹೆಚ್ಚಾದರೆ ಮತ್ತೆ ಯಾಕೆ ಕಳಿಸುವುದು? ಇದ್ದದ್ದನ್ನು ಮಾರಿ.”

“ಹೆಚ್ಚಾದ ಮ್ಯಾಲ ಏನ್ ಮಾರ್ಲಿ ಮೇಡಂ?”

ಮೇಡಂ ಮಂಗಳೂರು ಕಡೆಯವರು, ಮನೆಮಾತು ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ಹೆಚ್ಚು ಎಂದರೆ ಅವರ ಮಟ್ಟಿಗೆ ಹೆಚ್ಚೇ. ಮಲ್ಲಿಕಮ್ಮ ಹಾಗೆಂದ ದಿನವೆಲ್ಲ ಅವರು ಕಂಪ್ಯೂಟರಿನಲ್ಲಿ ಶಹಾಪುರದ ಮುಂದೆ ಹಸಿರು ಗುರುತು ಹಾಕಿದ್ದಾರೆ. ಹಿಂದಿನಿಂದ ಕಲಬುರಗಿಯವರೇ ಯಾರೋ ಫಕ್ಕನೆ ನಕ್ಕದ್ದು ಫೋನಿನಲ್ಲಿ ಕೇಳುತ್ತದೆ. ಮೇಡಂ ಈಗ ಬಿಡಿಸಿ ಬಿಡಿಸಿ ಕೇಳುತ್ತಾರೆ: “ಅಮ್ಮ, ಒಂದೇ ಮಾತಿನಲ್ಲಿ ಹೇಳಿ. ಫೋನು ಇದೆಯಾ, ಇಲ್ಲವಾ?”

ಮಲ್ಲಿಕಮ್ಮ ಹೊಸ್ತಿಲು ನೋಡುತ್ತಾರೆ. ಹಾಕಿದ ನೀರು ಇನ್ನೂ ಆರಿಲ್ಲ, ಬೋಣಿ ಆಗಿಲ್ಲ. ನಬಿಸಾಬರ ಫೋಟೋ ಗೋಡೆಯ ಮೇಲಿದೆ. ಕಣ್ಣು ಮುಚ್ಚಿ ಅಂದುಬಿಡುತ್ತಾರೆ. “ಇಲ್ರಿ. ಇಲ್ಲ. ಒಂದೂ ಇಲ್ಲ. ಮೊದಲಿಂದೂ ಇದ್ದಿಲ್ಲ.” ಫೋನು ಕೆಳಗಿಟ್ಟು ಫೋಟೋದ ಕಡೆ ತಿರುಗಿ ಗಲ್ಲ ಗಲ್ಲ ಬಡಿದುಕೊಳ್ಳುತ್ತಾರೆ. ಆ ದಿನ ವ್ಯಾಪಾರ ಏನೂ ಕೆಡುವುದಿಲ್ಲ. ಆದರೆ ನಿತ್ಯಕ್ಕಿಂತ ಚೆನ್ನಾಗಿಯೂ ಆಗುವುದಿಲ್ಲವಾದ್ದರಿಂದ ಲಕ್ಷ್ಮಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಅದೇ ವಾರ ಫೋನು ಬರುತ್ತದೆ, ಸರ್ಕಾರಿ ಬಸ್ಸಿನ ಪಾರ್ಸಲ್‌ನಲ್ಲಿ. ಡಬ್ಬಿಯ ಮೇಲೆ ಎಸ್ ಇದೆಯೇ ಎಂದು ಮಲ್ಲಿಕಮ್ಮ ಡ್ರೈವರ್ ಕೈಲೂ ಓದಿಸುತ್ತಾರೆ, ಕಂಡಕ್ಟರ್ ಕೈಲೂ ಓದಿಸುತ್ತಾರೆ. ಇಷ್ಟಾದರೂ ಒಂದು ಗೊಂದಲ ಅವರನ್ನು ಬಿಟ್ಟಿಲ್ಲ. “ನನ್ನ ಮಾತ ತಿಳೀಲಿಲ್ಲ ಅಂತ ಶಹಾಪುರಕ್ಕ ಬರ್ಲಿಲ್ಲ, ಖರೇ. ಮತ್ತ ಸುರಪುರದಾಗ ಯಾಕ ಎರಡೇ? ಯಾದಗಿರಿಗೆ ಯಾಕ ಕೊಡಂಗಿಲ್ಲ? ಅಲ್ಲಿ ಯಾರ್ ಏನ್ ತಪ್ಪ ಮಾತಾಡಿದ್ರು?”

ಭಾಗ್ಯ ಅಂಗಡಿಯ ಬೆಂಚಿನ ಮೇಲೆ ಮುದುಡಿ ಕೂತಿದ್ದಾಳೆ. ಕಿವಿ ಕೇಂದ್ರದವರು ಅತ್ತಲಿಂದ ಸದ್ದು ಏರಿಸುತ್ತಾರೆ, ಇಳಿಸುತ್ತಾರೆ. ಒಮ್ಮೆ ಮುಖ ಕಿವುಚುತ್ತಾಳೆ, ಮಷೀನಿಗೆ ಕೈ ಹಾಕುತ್ತಾಳೆ, ಮಲ್ಲಿಕಮ್ಮ ಆ ಕೈ ಹಿಡಿದುಕೊಳ್ಳುತ್ತಾರೆ. ಇನ್ನು ಹಿಂದಿನಿಂದ ಕರೆದು ನೋಡಿ ಎನ್ನುತ್ತಾರೆ ಕೇಂದ್ರದವರು. ಬಾಗಿಲಲ್ಲಿ ನಿಂತ ರೇಣಮ್ಮ ಎರಡು ವರ್ಷದಿಂದ ಮಗಳನ್ನು ಕರೆದು ರೂಢಿಯಾದ ದನಿಯಲ್ಲೇ, ಬಸ್ ನಿಲ್ದಾಣವೆಲ್ಲ ತಿರುಗಿ ನೋಡುವ ಹಾಗೆ ಕೂಗುತ್ತಾರೆ: “ಭಾಗ್ಯಾ!”

ಹುಡುಗಿ ಬೆಚ್ಚಿಬಿದ್ದು ಎರಡೂ ಕಿವಿ ಮುಚ್ಚಿಕೊಂಡು ತಿರುಗುತ್ತಾಳೆ. “ಯವ್ವಾ, ಯಾಕಿಷ್ಟ ಒದರ್ತಿ? ಇಲ್ಲೇ ಅದೀನಲ್ಲ!”

ರೇಣಮ್ಮನವರ ತೆರೆದ ಬಾಯಿ ತೆರೆದ ಹಾಗೇ ಇದೆ. ಏನೋ ಹೇಳಲು ಹೋಗಿ ಮತ್ತೆ ಜೋರಾದೀತೆಂದು ಹೆದರಿ ನಿಲ್ಲಿಸುತ್ತಾರೆ, ಕಣ್ಣು ಮಾತ್ರ ಸುರಿಯುತ್ತವೆ. ಇಷ್ಟು ತಿರುಗಾಡಿದ ನಿಮಗೆ ಇನ್ನೇನು ಆಸೆ ಎಂದು ಕೇಳಿದರೆ ಮಲ್ಲಿಕಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ.

“ನಂದೇನ್ ಆಸೆ ತಗೋರಿ. ಇವರವ್ವಗ ಈಗ ಯಾರರ ಮೆಲ್ಲಕ ಮಾತಾಡೂದು ಕಲಸಬೇಕು.”