ಫ್ಯಾನು ನಿಲ್ಲಿಸಿ ಕೂತ ಮಾನಮ್ಮನವರು

ಸಾವಿರದ ಒಂಬೈನೂರ ತೊಂಬತ್ತನಾಲ್ಕರ ಏಪ್ರಿಲ್ ತಿಂಗಳು, ಬಿಸಿಲು ನೆತ್ತಿ ದಾಟಿ ಮಧ್ಯಾಹ್ನ ಮೂರರ ಹೊತ್ತು. ಶಿವಾಜಿನಗರದ ಗಲ್ಲಿಯೊಂದರಲ್ಲಿ ರೇಡಿಯೊ, ಗ್ರಾಮಫೋನು ರಿಪೇರಿ ಮಾಡುವ ಬಷೀರ್ ಸಾಹೇಬರ ಅಂಗಡಿಯ ಹಿಂಗೋಣೆಯಲ್ಲಿ ಶ್ರೀಮತಿ ಮಾನಮ್ಮನವರು ಮೊದಲ ಸಲ ಕೂತರು. ಕೂತವರೇ ಫ್ಯಾನು ನಿಲ್ಲಿಸಿ ಎಂದರು. ಮುಂದೆ ಹದಿನೈದು ವರ್ಷ, ಅವರು ಕೂತಷ್ಟು ಹೊತ್ತು, ಆ ಫ್ಯಾನು ತಿರುಗಲಿಲ್ಲ. ಈ ಊರಿನಲ್ಲಿ ರೆಕಾರ್ಡು ಕೇಳುವವರಿದ್ದಾರೆ, ಕೂಡಿಡುವವರಿದ್ದಾರೆ, ಪ್ಲೇಯರು ಬಿಚ್ಚಿ ಜೋಡಿಸುವವರೂ ಇದ್ದಾರೆ. ಆದರೆ ರೆಕಾರ್ಡಿನ ಗೆರೆಯಲ್ಲಿ ಓಡುವ ಮುಳ್ಳು ಸವೆದಾಗ, ಆ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ ಎಂಬ ಹೆಬ್ಬೆರಳ ಉಗುರಿನಷ್ಟು ಪೆಟ್ಟಿಗೆಯನ್ನು ತೆರೆದು, ಸಾಸಿವೆಗಿಂತ ಎಷ್ಟೋ ಪಾಲು ಚಿಕ್ಕದಾದ ವಜ್ರದ ಚೂರನ್ನು ಕೂರಿಸಿ ಮತ್ತೆ ಹಾಡಿಸಬಲ್ಲವರು ಯಾರೆಂದು ಕೇಳಿದರೆ, ತಿಳಿದವರು ಮೊದಲು ಹೇಳುವ ಹೆಸರು ಮಾನಮ್ಮನವರದು.

ಅವರು ಹುಟ್ಟಿದ್ದು ರಾಯಚೂರು ಸೀಮೆಯಲ್ಲಿ. ಪತಿ ಬಸಣ್ಣನವರೊಡನೆ ಕೆ.ಆರ್. ಪುರಕ್ಕೆ ಬಂದು, ಅಲ್ಲಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಭೂತಗನ್ನಡಿಯ ಕೆಳಗೆ ತಂತಿ ಸುತ್ತಿದರು. ಆ ವಿಭಾಗ ಮುಚ್ಚಿ ಮನೆಗೆ ಕಳಿಸಿದ ಮೇಲೆ, ಕೂದಲಿಗಿಂತ ಸಣ್ಣ ತಂತಿಯನ್ನು ಹರಿಯದೆ ಕಟ್ಟಬಲ್ಲ ಕೈ ಬೇಕೆಂದು ಹುಡುಕುತ್ತಿದ್ದ ಬಷೀರ್ ಸಾಹೇಬರಿಗೆ ಇವರು ಸಿಕ್ಕರು.

ಬೆಲೆಬಾಳುವ ಕಾರ್ಟ್ರಿಜ್‌ಗಳ ಸಂಗತಿಯೇ ಬೇರೆ. ಅಗ್ಗದವಕ್ಕೆ ಮುಳ್ಳನ್ನು ಕಿತ್ತು ಬೇರೆ ಸಿಕ್ಕಿಸಬಹುದು, ಇವಕ್ಕೆ ಹಾಗಿಲ್ಲ. ಮುಳ್ಳು ಸವೆದರೆ ಹಳೆಯದನ್ನು ವಿದೇಶದ ತಯಾರಕರಿಗೆ ಒಪ್ಪಿಸಿ, ಮೇಲೆ ಹಣ ಕೊಟ್ಟು ಇನ್ನೊಂದನ್ನು ಪಡೆಯಬೇಕು. ಬೇರೆ ಯಾರೂ ತೆರೆಯಬಾರದೆಂದೇ ಗೋಂದು ಹಾಕಿ ಮುಚ್ಚಿದ ಪೆಟ್ಟಿಗೆಗಳವು. ಅವನ್ನು ತೆರೆಯಲು ಕೂತ ಮಾನಮ್ಮನವರು ಒಂದು ದಿನವೂ ಧೈರ್ಯವಾಗಿ ಕೂತವರಲ್ಲ. ಒಳಗಿನ ಅಯಸ್ಕಾಂತ ಉಕ್ಕಿನ ಚಿಮಟವನ್ನು ಎಳೆದುಕೊಳ್ಳುತ್ತದೆಂದು ಹಿತ್ತಾಳೆಯದನ್ನೇ ಹಿಡಿದರು. ತಲೆಯ ಪಿನ್ನು, ಸೆರಗಿನ ಪಿನ್ನು, ಕೈಬಳೆ ಎಲ್ಲವನ್ನೂ ಬಾಗಿಲಲ್ಲಿದ್ದ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಯೇ ಒಳಗೆ ಬರುತ್ತಿದ್ದರು. ಸಂಜೆ ನಾಲ್ಕಕ್ಕೆ ಪಕ್ಕದ ಹೋಟೆಲಿನಲ್ಲಿ ಮೆಣಸಿನಕಾಯಿ ಹುರಿಯುವ ಘಾಟು ಎದ್ದರೆ, ಎಲ್ಲಿ ಸೀನು ಬಂದುಬಿಡುತ್ತದೋ ಎಂದು ಕೆಲಸದ ಮೇಲೆ ಗಾಜಿನ ಬಟ್ಟಲು ಬೋರಲು ಹಾಕಿ, ಗಲ್ಲಿಯ ಕೊನೆಯವರೆಗೆ ನಡೆದು ಹೋಗಿ ನಿಲ್ಲುತ್ತಿದ್ದರು.

ಇನ್ನೊಂದು ಭಯ ಬಷೀರ್ ಸಾಹೇಬರದು. ಒಂದು ಸ್ಕೂಟರಿಗಿಂತ ಹೆಚ್ಚು ಬೆಲೆಯ ಸಾಮಾನನ್ನು, ಕಾರ್ಖಾನೆ ಬಿಟ್ಟುಬಂದ ಹೆಂಗಸಿನ ಕೈಗೆ ಗಿರಾಕಿಗಳು ಕೊಟ್ಟಾರೆಯೇ? ಅದಕ್ಕೇ ಅವರು, ಕೆಲಸ ಮಾಡುವವನು ಮದ್ರಾಸಿನಲ್ಲಿರುವ ಒಬ್ಬ ಮಿಸ್ತ್ರಿ, ಕೊರಿಯರಿನಲ್ಲಿ ಹೋಗಿ ಬರಬೇಕು, ಮೂರು ವಾರ ಹಿಡಿಯುತ್ತದೆ ಎಂದು ಹೇಳಿಕೊಂಡು ಬಂದಿದ್ದರು. ಮಾನಮ್ಮನವರು ಪರದೆಯ ಹಿಂದೆ ಕೂತು, ಮದ್ರಾಸಿನವನಿಗೆ ಬರುತ್ತಿದ್ದ ಹೊಗಳಿಕೆಯನ್ನು ಮೂರು ವರ್ಷ ಕೇಳಿದರು. ಬಾಯಿ ಬಿಡಲಿಲ್ಲ. ಬಿಟ್ಟರೆ ಕೂತ ಜಾಗ ಹೋದೀತೆಂಬ ಅಂಜಿಕೆ.

ತೊಂಬತ್ತೇಳರ ಮೇ ತಿಂಗಳಲ್ಲಿ ಜೀವನ್ ಬಿಮಾ ನಗರದ ಭಗವಂತರಾಯರು ಒಂದು ಕಾರ್ಟ್ರಿಜ್ ತಂದು ಕೊಟ್ಟರು. ವಿಮಾ ಕಚೇರಿಯಿಂದ ನಿವೃತ್ತರಾದವರು, ಮಾತು ಬಲು ಕಟು. ಹಿಂದಿನ ವರ್ಷವೂ ಒಂದನ್ನು ಇಲ್ಲಿಯೇ ಮಾಡಿಸಿಕೊಂಡಿದ್ದರು. ಈ ಸಲದ್ದು ಜಪಾನಿನಿಂದ ತರಿಸಿದ್ದು. ತಯಾರಿಸುವವರು ಆ ಮಾದರಿಯನ್ನೇ ನಿಲ್ಲಿಸಿಬಿಟ್ಟಿದ್ದರಿಂದ ಬದಲಿಗೆ ಇನ್ನೊಂದು ಸಿಗುವಂತಿರಲಿಲ್ಲ.

ಆ ದಿನದ ಸೆಕೆಗೆ ಸೆರಗು ಮೈಗೆ ಅಂಟುತ್ತಿತ್ತು. ಮಾನಮ್ಮನವರು ಹೆಗಲ ಪಿನ್ನು ತೆಗೆದು, ಆಮೇಲೆ ಡಬ್ಬಿಗೆ ಹಾಕಿದರಾಯಿತೆಂದು ತಾಳಿಯ ಸರಕ್ಕೆ ಸಿಕ್ಕಿಸಿಕೊಂಡರು. ಎಲ್ಲ ಹೆಣ್ಣುಮಕ್ಕಳೂ ಮಾಡುವ ಹಾಗೆ. ಮರೆತರು. ಹೊಸ ಮುಳ್ಳು ಕೂರಿಸಿ, ಗೋಂದು ಆರಿತೇ ಎಂದು ನೋಡಲು ಬಗ್ಗಿದಾಗ ಸರ ಜಾರಿ ಮುಂದಕ್ಕೆ ತೂಗಿತು. ಪಿನ್ನು ಹಾರಿ ಅಯಸ್ಕಾಂತಕ್ಕೆ ಬಡಿಯಿತು. ಸದ್ದು ಕೂಡ ಆಗಲಿಲ್ಲ. ಮುಳ್ಳು ನಿಂತಿದ್ದ ಕಡ್ಡಿ ಬುಡಕ್ಕೇ ಮುರಿದು ಪಿನ್ನಿಗೆ ಅಂಟಿಕೊಂಡಿತ್ತು.

ಬಷೀರ್ ಸಾಹೇಬರು ನೋಡಿ ಸ್ಟೂಲಿನ ಮೇಲೆ ಕುಸಿದರು. "ಕೊರಿಯರ್‌ನೋನು ಬೀಳ್ಸಿಬಿಟ್ಟ ಅಂದ್ಬಿಡೋಣ ಅಕ್ಕಾ. ಇಲ್ಲಾಂದ್ರೆ ಆ ಮದ್ರಾಸ್ ಮಿಸ್ತ್ರಿ ಮುರ್ದ ಅನ್ನೋಣ," ಎಂದರು.

"ಮದ್ರಾಸಿನಾಗ ಯಾರೂ ಇಲ್ಲಲ್ರೀ ಭಾಯಿ."

"ಅದಕ್ಕೇ ಹೇಳ್ತಿರೋದು. ಇಲ್ದೇ ಇರೋನ ಮೇಲೆ ಹಾಕಿದ್ರೆ ಯಾರಿಗೆ ನೋವು ಹೇಳಿ?"

ಭಗವಂತರಾಯರು ಬರಲು ಇನ್ನೂ ಐದು ದಿನವಿತ್ತು. ಮಾನಮ್ಮನವರು ಎರಡನ್ನೂ ತೂಗಿ ನೋಡಿದರು. ಹೇಳಿದರೆ ಅಂಗಡಿಯ ಸುಳ್ಳು ಬಯಲಾಗುತ್ತದೆ, ತಮ್ಮ ಜಾಗವೂ ಹೋಗುತ್ತದೆ; ಹೇಳದಿದ್ದರೆ ಇನ್ನೊಬ್ಬರ ಸಾಮಾನು ಮುಟ್ಟಲು ಕೈ ಹೇಗೆ ಬಂದೀತು? ಬಸಣ್ಣನವರು, "ಬೈತಾರ, ಅಷ್ಟೇ ಅಲ್ಲೇನು? ಬೈಸ್ಕೊಂಡ್ರಾತು," ಎಂದದ್ದು ಅವರ ಕಿವಿಗೇ ಬೀಳಲಿಲ್ಲ. ಐದನೆಯ ದಿನ ಶಿವಾಜಿನಗರದ ಬಸ್ಸು ಹತ್ತಿದವರು ಹಲಸೂರಿನ ಕೆರೆಯ ಹತ್ತಿರ ಇಳಿದೇಬಿಟ್ಟರು. ಮನೆಗೆ ಹೋಗುವ ಬಸ್ಸಿಗೆ ಕಾದರು. ಅದು ಬಂತು, ಹೋಯಿತು. ಆಮೇಲೆ ನಡೆದೇ ಅಂಗಡಿಗೆ ಬಂದರು.

ಭಗವಂತರಾಯರು ಆಗಲೇ ಬಂದು ನಿಂತಿದ್ದರು. "ಏನ್ ಬಷೀರ್, ನಿನ್ನ ಮಿಸ್ತ್ರಿ ಕಳ್ಸಿದ್ನೋ, ಇಲ್ಲಾ ಬೀಚಿನಾಗ ಗಾಳಿ ಕುಡ್ಕೊಂತ ಕೂತಾನೋ?"

"ಸರ್, ಅದೇನಾಯ್ತು ಅಂದ್ರೆ, ಕೊರಿಯರ್‌ನಲ್ಲಿ..."

ಅಷ್ಟರಲ್ಲಿ ಮಾನಮ್ಮನವರು ಒಳಗೆ ಹೋಗಿ, ಮುರಿದ ಕಾರ್ಟ್ರಿಜ್ ಇದ್ದ ಗಾಜಿನ ಬಟ್ಟಲನ್ನು ತಂದು ಮುಂದಿಟ್ಟರು. "ಮದ್ರಾಸಿನಾಗ ಯಾರೂ ಇಲ್ರಿ. ಮೂರು ವರ್ಷದಿಂದ ಇಲ್ಲೇ ಕೂತು ಮಾಡಾಕಿ ನಾನ. ನಿಮ್ದು ನನ್ನ ಕೈಯಾಗ ಮುರೀತು. ನನ್ನ ಪಿನ್ನು ಬಡೀತ್ರಿ."

ಭಗವಂತರಾಯರು ಬಟ್ಟಲನ್ನು ನೋಡಿದರು, ಇವರನ್ನು ನೋಡಿದರು. "ಮದ್ರಾಸಿನ ಮಿಸ್ತ್ರಿ ರಾಯಚೂರು ಮಾತಾಡ್ತಾನಲ್ಲೋ ಬಷೀರ್!" ಮುಖದಲ್ಲಿ ನಗೆಯಿರಲಿಲ್ಲ. "ಹ್ವಾದ ವರ್ಷ ನನ್ನದೊಂದು ಮಾಡಿದ್ದು?"

"ಅದೂ ನಾನ ರಿ."

ಭಗವಂತರಾಯರು ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದರು. ಕಾರ್ಟ್ರಿಜ್ ಅಲ್ಲಿಯೇ ಉಳಿಯಿತು.

ಬಿಟ್ಟುಹೋದದ್ದು ಎಸೆದದ್ದೋ, ಮಾಡಲು ಕೊಟ್ಟದ್ದೋ ತಿಳಿಯದು. ಬಷೀರ್ ಸಾಹೇಬರು ಇವರನ್ನು ಬಾ ಎನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. ಮಾನಮ್ಮನವರು ದಿನವೂ ಬಂದು ಕೂತರು. ಹೊರಗೆ ಸ್ಕೂಟರು ನಿಂತ ಸದ್ದಾದರೆ ಚಿಮಟ ಕೆಳಗಿಟ್ಟು ಪರದೆಯ ಕಡೆ ನೋಡುತ್ತಿದ್ದರು. ಬೇರೆಯವರ ಕೆಲಸ ಮಾಡಿದರು, ಆ ಬಟ್ಟಲನ್ನು ಮಾತ್ರ ಮುಟ್ಟಲಿಲ್ಲ. ಒಂಬತ್ತನೆಯ ದಿನ ಭಗವಂತರಾಯರು ಬಂದು ಇಣುಕಿ, "ಇನ್ನೂ ಕೂಡ್ಸಿಲ್ಲೇನವಾ? ಎಂಟು ದಿನ ಅದಕ್ಕ ಪೂಜಾ ಮಾಡ್ಕೊಂತ ಕೂತಿದ್ರೇನು?" ಎಂದರು.

"ನೀವು ಮಾಡ್ರಿ ಅನ್ಲಿಲ್ರಿ."

"ಬ್ಯಾಡ ಅಂದ್ನೇನು?"

ಕೆಟ್ಟು ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ಕಾರ್ಟ್ರಿಜ್‌ನಿಂದ ಕಡ್ಡಿ ಬಿಡಿಸಿ, ಒಳಗಿನ ಸುರುಳಿಯ ತಂತಿ ಹರಿಯದಂತೆ ಅದನ್ನು ಕೂರಿಸಲು ನಾಲ್ಕು ಮಧ್ಯಾಹ್ನ ಹಿಡಿಯಿತು. ಎರಡು ಸಲ ಅರ್ಧಕ್ಕೇ ಬಿಟ್ಟು ಗಲ್ಲಿಯ ಕೊನೆಯವರೆಗೆ ಹೋಗಿ ಬಂದರು. ಐದನೆಯ ದಿನ ಅಂಗಡಿಯ ಪ್ಲೇಯರಿಗೆ ಹಾಕಿ ಒಂದು ವೀಣೆಯ ರೆಕಾರ್ಡು ನುಡಿಸಿದರು. ಭಗವಂತರಾಯರು ಕಣ್ಣು ಮುಚ್ಚಿ ಕೇಳಿ, "ಮೊದಲಿನ್ಹಂಗ ಅದ," ಎಂದರು. ಬಷೀರ್ ಸಾಹೇಬರು ಉಸಿರು ಬಿಟ್ಟರು.

"ಇಲ್ರಿ," ಎಂದರು ಮಾನಮ್ಮನವರು. "ಬಲಗಡಿ ದನಿ ಸೊಲ್ಪ ಕಮ್ಮಿ ಅದ."

"ಅಕ್ಕಾ, ಆ ಪಿನ್ನು ಬಾಯಿಗೆ ಹಾಕ್ಕೊಳಿ!" ಎಂದು ಬಷೀರ್ ಸಾಹೇಬರು ಹಣೆ ಚಚ್ಚಿಕೊಂಡರು.

ಭಗವಂತರಾಯರು ಒಂದು ಕಿವಿ ಮುಚ್ಚಿ ಕೇಳಿದರು, ಇನ್ನೊಂದು ಮುಚ್ಚಿ ಕೇಳಿದರು. "ನನಗ ಕೇಳಸವಲ್ದು. ಈ ಕಿವಿಗೆ ಎಪ್ಪತ್ತಾತು. ನಿಮಗ ಕೇಳಸ್ತದ ಅಂದ್ರ ಒಂದು ಚೀಟಿ ಮ್ಯಾಲ ಬರೀರಿ. ಯಾರು ಮಾಡಿದ್ರು ಅಂತನೂ ಬರೀರಿ."

ಅಂದಿನಿಂದ ಅಂಗಡಿಯಿಂದ ಹೋದ ಪ್ರತಿ ಕಾರ್ಟ್ರಿಜ್ ಜೊತೆಗೂ ಒಂದು ಚೀಟಿ ಹೋಯಿತು: ಏನು ತೆಗೆದದ್ದು, ಏನು ಹಾಕಿದ್ದು, ಏನು ಇನ್ನೂ ಸರಿಯಾಗಿಲ್ಲ, ಕೆಳಗೆ ಮಾನಮ್ಮ ಎಂಬ ಹೆಸರು. ಮೊದಲ ವರ್ಷ ನಾಲ್ಕೈದು ಗಿರಾಕಿಗಳು ಹೆಸರು ನೋಡಿ ಬಿಟ್ಟುಹೋದರು. ಎರಡು ಸಾವಿರದ ಇಸವಿ ಕಳೆದ ಮೇಲೆ, ಸಿ.ಡಿ. ಕೇಳಿ ಬೇಸತ್ತವರು ಅಟ್ಟದಿಂದ ಪ್ಲೇಯರು ಇಳಿಸತೊಡಗಿದಾಗ, ಆ ಚೀಟಿಯನ್ನು ನೋಡಿಯೇ ದೂರದೂರದವರು ಅಂಚೆಯಲ್ಲಿ ಕಳಿಸಿದರು. ಬಂದವುಗಳಲ್ಲಿ ಅರ್ಧಕ್ಕೆ ಅವರು ಕೈ ಹಾಕುತ್ತಲೇ ಇರಲಿಲ್ಲ. ಮುಳ್ಳು ಸವೆಯಿತೆಂದು ಕಣ್ಣೀರಿಡುತ್ತ ಬಂದ ಪುಲಿಕೇಶಿನಗರದ ಪಿಯಾನೊ ಟೀಚರಮ್ಮನಿಗೆ, ಅದು ಧೂಳು ಗಟ್ಟಿಯಾದದ್ದು ಮಾತ್ರವೆಂದು ತೋರಿಸಿ, ಒರೆಸಿ ಕೊಟ್ಟು, ಕಾಸು ಬೇಡವೆಂದು ಕಳಿಸಿದರು. ತೆರೆಯದೆ ಆಗುವುದನ್ನು ತೆರೆಯಲು ಅವರಿಗೆ ಭಯ.

ಎರಡು ಸಾವಿರದ ಒಂಬತ್ತರ ಮೇ ತಿಂಗಳ ನಡುವೆ ಒಂದು ದಿನ, ಬಹಳ ಬೆಲೆಯ ಕಾರ್ಟ್ರಿಜ್ ಒಂದನ್ನು ಮುಂದಿಟ್ಟುಕೊಂಡು ಚಿಮಟ ಹಿಡಿದವರು ಹಾಗೆಯೇ ಕೆಳಗಿಟ್ಟು ಎದ್ದು ಬಂದರು. ಕಣ್ಣು ಮಂಜಾಯಿತೇ, ಕೈ ನಡುಗಿತೇ ಎಂದು ಬಷೀರ್ ಸಾಹೇಬರು ಕೇಳಿದರು.

"ನಡುಗಲಿಲ್ರೀ ಭಾಯಿ. ಇವತ್ತು ಅಂಜಿಕಿನ ಬರಲಿಲ್ಲ. ಇನ್ನ ನಾ ಅಲ್ಲಿ ಕೂಡಬಾರದು."

ಒಪ್ಪಿಕೊಂಡ ಕೆಲಸಗಳನ್ನು ಮುಗಿಸಿ, ಮುಗಿಸಲಾಗದವನ್ನು ತೆರೆಯದೆ ಚೀಟಿ ಬರೆದು ಹಿಂದಕ್ಕೆ ಕಳಿಸಲು ಹದಿನೈದು ದಿನ ಹಿಡಿಯಿತು. ಮಾನಮ್ಮನವರಿಗೆ ಬಸಣ್ಣನವರೊಡನೆ ನೂರು ತುಂಬಲಿ, ಆ ಕಿವಿ ಹೀಗೆಯೇ ಚುರುಕಾಗಿರಲಿ, ಅವರೀಗ ಕೆ.ಆರ್. ಪುರದ ಮನೆಯ ಜಗುಲಿಯಲ್ಲಿ ಅಕ್ಕಪಕ್ಕದ ಹೆಣ್ಣುಮಕ್ಕಳಿಗೆ ಕಲಿಸುತ್ತಿರುವ ತಂತಿ ಕಟ್ಟುವ ವಿದ್ಯೆ ಹತ್ತು ಕೈಗಳಿಗೆ ಹತ್ತಲಿ. ಹತ್ತಿದ ಆ ಕೈಗಳಲ್ಲಿ ತಕ್ಕಷ್ಟು ಅಂಜಿಕೆಯೂ ಇರಲಿ.

ಮಾನಮ್ಮನವರು ಅಂಗಡಿ ಬಿಟ್ಟು ಹೊರಟದ್ದು ಮೇ ಮೂವತ್ತು, ಶನಿವಾರ.