ಅಜ್ಜನ ಕಿವಿಯ ಪೆನ್ಸಿಲ್

ಕ್ಯಾರಲ್ಟನ್‌ನ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜ ಮಕ್ಕಳ ಬೇಸ್‌ಬಾಲ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದರು. ಚೆಂಡು ಕೈಬಿಟ್ಟವರ ತಪ್ಪನ್ನೂ ‘ಎರರ್’ ಎಂದು ಬರೆದಿಡುವುದು ಅವರ ತಾತನ ಕಾಲದಿಂದ ಬಂದ ಪದ್ಧತಿ. ಹೆರೆದ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, “ಕಂಡದ್ದನ್ನು ಬರೆಯಬೇಕು, ಅಷ್ಟೇ” ಎನ್ನುವರು. ಸ್ವಂತ ಮೊಮ್ಮಗನ ತಪ್ಪನ್ನೂ ಬಿಟ್ಟವರಲ್ಲ.

ಕಣ್ಣು ಮಂಜಾದಾಗ, ನನ್ನ ಕಾನ್ವೆಂಟ್ ಅಕ್ಷರ ಮೆಚ್ಚಿ ಸ್ಕೋರ್ ಪುಸ್ತಕವನ್ನು ನನಗೆ ಕೊಟ್ಟರು. ಪೆನ್ಸಿಲ್ ಮಾತ್ರ ಅವರ ಕಿವಿಯಲ್ಲೇ ಉಳಿಯಿತು.

ಮೊದಲ ಪಂದ್ಯದಲ್ಲೇ ನನ್ನ ಮಗಳು ಸುಲಭದ ಕ್ಯಾಚ್ ಬಿಟ್ಟಳು. ಆಮೇಲೆ ಓಡಿಬಂದು, “ಅಮ್ಮಾ, ಪ್ಲೀಸ್! ಎರರ್ ಅಂತ ಬರೀಬೇಡ” ಎಂದು ಪುಟಕ್ಕೆ ಅಂಗೈ ಅಡ್ಡ ಹಿಡಿದಳು.

“ಕಂಡಿದ್ದು ಬರೀಬೇಕಲ್ವಾ ಪುಟ್ಟಾ? ಕೈ ತೆಗಿ” ಎಂದು, ನನ್ನ ಪೆನ್ನಿನಲ್ಲಿ ದುಂಡಗೆ ಬರೆದೆ.

ಅಜ್ಜ ಪುಟಕ್ಕೆ ಮೂಗು ತಾಗುವಷ್ಟು ಬಾಗಿ ನೋಡಿದರು. ಕಿವಿಯ ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು.