ಕೂಗಲಿ ಬಿಡಮ್ಮ, ಕತ್ತೆ ತಾನೆ

ಬೆಳಕು ಹರಿಯುವ ಮೊದಲೇ ಓಣಿಯ ತುದಿಯಲ್ಲಿ ನಾಲ್ಕು ಕತ್ತೆಗಳು ಒಂದರ ಹಿಂದೊಂದು ಗಂಟಲು ಬಿಚ್ಚುತ್ತವೆ. ಕಿಟಕಿಗಳು ದಢಾರನೆ ಮುಚ್ಚಿಕೊಳ್ಳುತ್ತವೆ. "ಶುರುವಾಯ್ತಪ್ಪಾ ಕಚೇರಿ!" ಎಂದು ಎದುರುಮನೆಯ ಟೈಲರ್ ಶಾಪ ಹಾಕುತ್ತಾನೆ. ಕತ್ತೆ ತಾತ ಮಾತ್ರ ಹಗ್ಗ ಬಿಗಿಯುವುದನ್ನು ನಿಲ್ಲಿಸಿ, ಅವು ಕೂಗಿ ಮುಗಿಸುವ ತನಕ ಸುಮ್ಮನೆ ಕಾಯುತ್ತಾರೆ. "ಕೂಗಲಿ ಬಿಡಮ್ಮ, ಕತ್ತೆ ತಾನೆ" ಎನ್ನುತ್ತಾರೆ ಸೊಸೆಗೆ.

ಕತ್ತೆಯ ಹಾಗೆ ದುಡಿಯುವುದೆಂದರೇನೆಂದು ಇವರನ್ನು ನೋಡಿ ತಿಳಿಯಬೇಕು. ಗಾಡಿ ನುಗ್ಗದ ಸಂದಿಗೊಂದಿಗಳಲ್ಲಿ ಯಾರು ಗೋಡೆ ಎಬ್ಬಿಸಿದರೂ ಮರಳು, ಇಟ್ಟಿಗೆ ತರುವುದು ಇವರೇ. ದಿನಕ್ಕೆ ಇಪ್ಪತ್ತು ಸುತ್ತಾದರೆ ಒಳ್ಳೆಯ ದಿನ. ಶಾಪ ಹಾಕುವ ಟೈಲರನ ಮಹಡಿಯೂ ಎದ್ದದ್ದು ಹೀಗೆಯೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!

ಪ್ರಾಯದಲ್ಲಿ ತಾತ ಸೈನ್ಯದಲ್ಲಿದ್ದರು. ಬಂದೂಕು ಹಿಡಿದವರಲ್ಲ, ಬೆಟ್ಟದ ಮೇಲಿದ್ದವರಿಗೆ ಹೇಸರಗತ್ತೆಗಳ ಮೇಲೆ ಗುಂಡು, ನೀರು, ಹಿಟ್ಟು ಸಾಗಿಸಿದವರು. ಮರಳಿ ಬಂದಾಗ "ಯುದ್ಧಕ್ಕೆ ಹೋಗಿ ಕತ್ತೆ ಕಾಯ್ದು ಬಂದ" ಎಂದು ಸ್ವಂತ ತಮ್ಮನೇ ನಕ್ಕ. ಆಮೇಲೆ ತಾತ ಆ ಮಾತೇ ಎತ್ತಲಿಲ್ಲ, ಬೇರೆ ಯಾರೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಸೊಸೆ ಈಗ ಹಳಹಳಿಸುತ್ತಾಳೆ. ಗಂಡ ಲಾರಿ ಓಡಿಸುತ್ತಾ ಊರೂರು ಅಲೆಯುವುದರಿಂದ ಕತ್ತೆಗಳ ಹುಲ್ಲು, ನೀರು ಅವಳದೇ ಕೆಲಸ.

ಹೋದ ತಿಂಗಳು ಮನೆ ಮಾಲೀಕ ಕಡ್ಡಿ ಮುರಿದಂತೆ ಹೇಳಿದ: ಕೂಗಾಟ ನಿಲ್ಲಬೇಕು, ಇಲ್ಲವಾದರೆ ಮನೆ ಖಾಲಿ ಮಾಡಬೇಕು. ಯಾರೋ ಅಂದದ್ದನ್ನು ಕೇಳಿಕೊಂಡು ಬಂದ ಸೊಸೆ ಊಟಕ್ಕೆ ಬಡಿಸುತ್ತಾ ಹೇಳಿದಳು: "ಮಾವ, ಗಂಟಲಿಗೆ ಸಣ್ಣದೊಂದು ಆಪರೇಷನ್ ಇದೆಯಂತೆ. ಆಮೇಲೆ ಕೂಗಲ್ವಂತೆ."

ತಾತ ತಟ್ಟೆ ಸರಿಸಿದರು. "ಗೊತ್ತು ಕಣಮ್ಮ. ನಾನೇ ಮಾಡಿಸಿದೀನಿ."

ಶತ್ರುವಿಗೆ ಸದ್ದು ಕೇಳಬಾರದೆಂದು ಸೈನ್ಯದಲ್ಲಿ ಎಲ್ಲ ಹೇಸರಗತ್ತೆಗಳ ದನಿ ತೆಗೆಸಿದ್ದರು. ತಾತನ ಪಾಲಿಗಿದ್ದ ಹೇಸರಗತ್ತೆಯ ಹೆಸರು ಮೊಂಡ. ಇವರೊಬ್ಬರ ಮಾತು ಬಿಟ್ಟರೆ ಯಾರಿಗೂ ಜಗ್ಗದ ಪ್ರಾಣಿ. ಆ ಚಳಿಗಾಲ ಮಂಜಿನಲ್ಲಿ ಕಾಲು ಜಾರಿ ಇಳಿಜಾರಿಗೆ ಉರುಳಿತು.

"ಹೆಸರು ಹಿಡಿದು ಕರೆದೆ. ನನ್ನ ಕೈಯೇ ನನಗೆ ಕಾಣ್ತಿರ್ಲಿಲ್ಲ. ಅದಾದ್ರೂ ಹೇಗೆ ಓಗೊಡುತ್ತೆ, ಪಾಪ? ಮಂಜು ಕರಗಿದ ಮೇಲೆ ನೋಡಿದ್ರೆ ಆ ಟೈಲರ್ ಬಾಗಿಲಷ್ಟು ದೂರದಲ್ಲಿತ್ತು. ನನ್ನ ಕಡೆಗೇ ತೆವಳ್ಕೊಂಡು ಬಂದಿತ್ತು. ಪ್ರಾಣ ಹೋಗಿಬಿಟ್ಟಿತ್ತು."

ಸೊಸೆ ಅತ್ತುಬಿಟ್ಟಳು. ಮಾರನೆಯ ದಿನದಿಂದ ಇಬ್ಬರೂ ಬೇರೆ ಜಾಗ ಹುಡುಕುತ್ತಿದ್ದಾರೆ. ನಿನ್ನೆ ಊರಾಚೆ ಒಂದು ಶೆಡ್ಡು ಸಿಕ್ಕಿ, ಬಾಡಿಗೆಯ ಮಾತೂ ಮುಗಿದಿತ್ತು. ಹೊರಡುವಾಗ ಶೆಡ್ಡಿನ ಒಡತಿ ಕೇಳಿದರು, "ಕೂಗ್ತಾವಾ?"

"ಚೆನ್ನಾಗಿ ಕೂಗ್ತಾವೆ" ಎಂದರು ತಾತ. ಅಲ್ಲಿಗೆ ಆ ಶೆಡ್ಡೂ ಹೋಯಿತು.

ದಾರಿಯುದ್ದಕ್ಕೂ ಸೊಸೆ ಗೊಣಗಿದಳು. "ಇಲ್ಲ ಅಂದಿದ್ರೆ ಏನಾಗ್ತಿತ್ತು ಮಾವ? ಒಂದು ಸುಳ್ಳು ತಾನೆ?"

ತಾತ ನಡೆಯುತ್ತಲೇ ಹೇಳಿದರು: "ಆಪರೇಷನ್ ದಿವಸ ಮೊಂಡ ಯಾರನ್ನೂ ಹತ್ತಿರ ಬಿಡಲಿಲ್ಲ, ಒದೀತಿತ್ತು. ನಾನು ತಲೆ ತಬ್ಕೊಂಡು 'ಏನೂ ಆಗಲ್ಲ, ನಾನಿದೀನಿ' ಅಂತ ಕಿವೀಲಿ ಹೇಳಿದೆ. ತೆಪ್ಪಗೆ ನಿಂತ್ಕೊಂಡ್ತು. ಆ ಒಂದು ಸುಳ್ಳೇ ಸಾಕಮ್ಮ ಈ ಜನ್ಮಕ್ಕೆ."